ಎದ್ದು ನಿಲ್ಲುವ ಚಟ

ನಾನು ಬೈಕಿನಿಂದ ಬಿದ್ದದ್ದು ನನ್ನ ಗಂಡನಿಗೆ ಗೊತ್ತೇ ಆಗಲಿಲ್ಲ. ಇದನ್ನು ಮನೆಗೆ ಬಂದವರ ಮುಂದೆಲ್ಲ ಈಗಲೂ ಹೇಳುತ್ತೇನೆ. ಅವರು ಅಲ್ಲೇ ಕೂತಿದ್ದರೆ ಇನ್ನೂ ಒಂದು ದನಿ ಏರಿಸಿ ಹೇಳುತ್ತೇನೆ. ನಮ್ಮದು ಇಳಕಲ್ಲಿನಲ್ಲಿ ಸೀರೆಯ ಮನೆ. ಮಾವನವರು ನೇಯುತ್ತಾರೆ, ಗಂಡ ಮಾರುತ್ತಾರೆ, ನಾನು ಸೆರಗಿಗೆ ಕುಚ್ಚು ಕಟ್ಟುತ್ತೇನೆ, ಬಿಡುವಾದಾಗ ಇಬ್ಬರನ್ನೂ ಬೈಯುತ್ತೇನೆ. ಆ ದಿನ ಕೆರೂರಿನ ಮದುವೆ ಮನೆಯೊಂದಕ್ಕೆ ಸೀರೆ ಮುಟ್ಟಿಸಬೇಕಿತ್ತು. ಬೈಕಿನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು, ಸೀರೆಯ ಗಂಟನ್ನು ತೊಡೆಯ ಮೇಲಿಟ್ಟು, ಎರಡೂ ಕೈಯಿಂದ ಗಂಟನ್ನೇ ತಬ್ಬಿಕೊಂಡು ಕೂತಿದ್ದೆ. ಗಂಡನನ್ನು ಹಿಡಿದುಕೊಂಡಿರಲಿಲ್ಲ. ಸೀರೆಗೆ ಮಣ್ಣು ಹತ್ತಿದರೆ ಯಾರು ತೊಗೊಳ್ಳುತ್ತಾರೆ ಎಂಬ ಚಿಂತೆ ನನ್ನದು.

ಬಾದಾಮಿ ದಾಟಿ ಸ್ವಲ್ಪ ದೂರ ಹೋಗಿರಬಹುದು. ಯಾವ ಪುಣ್ಯಾತ್ಮರೋ ತಮ್ಮ ಊರ ಮುಂದೆ ರಸ್ತೆಗೆ ಅಡ್ಡ ಹೊಸದಾಗಿ ಹಂಪು ಹಾಕಿಸಿಕೊಂಡಿದ್ದರು, ಬಣ್ಣ ಬಳಿಸಿರಲಿಲ್ಲ. ಬೈಕು ಹಾರಿತು, ನಾನೂ ಹಾರಿದೆ. ಬೈಕು ಮುಂದಕ್ಕೆ ಹೋಯಿತು. ನಾನು ಕೂತ ಹಾಗೆಯೇ ಮೇಲಕ್ಕೆ ಹೋಗಿ, ಕೂತ ಹಾಗೆಯೇ ಡಾಂಬರಿನ ಮೇಲೆ ಇಳಿದೆ. ಗಂಟು ತೊಡೆಯ ಮೇಲೇ ಇತ್ತು. ನಮ್ಮವರು ಮಾತಾಡುತ್ತ ಹೋಗುತ್ತಲೇ ಇದ್ದರು. ಏನೋ ಪ್ಲಾಟಿನ ವಿಚಾರ ಹೇಳುತ್ತಿದ್ದರಂತೆ. ತಾವು ಅಷ್ಟು ಹೊತ್ತು ಮಾತಾಡಿದರೂ ಹಿಂದಿನಿಂದ ಒಂದೂ ಎದುರು ಮಾತು ಬರಲಿಲ್ಲವಲ್ಲ ಎಂದು ಅವರಿಗೆ ಅನುಮಾನ ಬಂತಂತೆ. ತಿರುಗಿ ನೋಡಿದರೆ ಸೀಟು ಖಾಲಿ.

ಅವರು ವಾಪಸ್ ಬರುವಷ್ಟರಲ್ಲಿ ನನ್ನ ಸುತ್ತ ಊರು ಸೇರಿತ್ತು. ಒಬ್ಬ ಮೂಗಿಗೆ ಉಳ್ಳಾಗಡ್ಡಿ ಹಿಡಿದ, ಇನ್ನೊಬ್ಬ ಬಾಯಿಗೆ ನೀರು ಹಿಡಿದ. "ಏಳವ್ವಾ, ಏನೂ ಆಗಿಲ್ಲ, ಏಳು," ಎಂದು ಇಬ್ಬರು ಕಂಕುಳಲ್ಲಿ ಕೈ ಹಾಕಿ ಎತ್ತಲು ಬಂದರು. ನಾನೂ ಏಳಬೇಕೆಂದೇ ಮಾಡಿದೆ. ಕಾಲುಗಳು ಎದುರಿಗೇ ಇದ್ದವು, ನನ್ನವೇ, ಕಾಲುಂಗುರವೂ ನನ್ನದೇ. ಆದರೆ ಯಾರದೋ ಮನೆಯ ಕಾಲುಗಳ ಹಾಗೆ ನನ್ನ ಮಾತು ಕೇಳದೆ ಬಿದ್ದಿದ್ದವು. ಅವರು ಎತ್ತಿದ ಕೂಡಲೇ ನಾನು ಹಾಕಿದ ಬೊಬ್ಬೆಗೆ ಇಬ್ಬರೂ ಕೈಬಿಟ್ಟು ಓಡಿದರು. ಆಮೇಲೆ ಆಂಬ್ಯುಲೆನ್ಸ್ ಬರುವ ತನಕ ಯಾರೂ ನನ್ನನ್ನು ಮುಟ್ಟುವ ಧೈರ್ಯ ಮಾಡಲಿಲ್ಲ. ಬಾದಾಮಿಯ ದವಾಖಾನೆಯಲ್ಲಿ ನನ್ನನ್ನು ಹಲಗೆಗೆ ಬೆಲ್ಟು ಬಿಗಿದು ಬಾಗಲಕೋಟೆಗೆ ಕಳಿಸಿದರು.

ಬಾಗಲಕೋಟೆಯ ಎಲುಬಿನ ಡಾಕ್ಟರು ಹುನಗುಂದದ ಕಡೆಯವರು. ನನ್ನ ತಮ್ಮನ ವಯಸ್ಸಿರಬಹುದು. ಇಂಗ್ಲಿಷಿನಲ್ಲಿ ಹೆದರಿಸದೆ ನಮ್ಮ ಮಾತಿನಲ್ಲೇ ಹೆದರಿಸಿದರು.

"ನೋಡ್ರಿ ಅಕ್ಕಾರ, ಬೆನ್ನಾಗ ಮಣಿ ಜೋಡಿಸಿಟ್ಟಂಗ ಎಲುಬು ಇರ್ತಾವು. ಅದರಾಗಿಂದ ಒಂದು ಮಣಿ ಪುಡಿ ಆಗೇತಿ. ಒಂದು ಚೂರು ಹಿಂದಕ್ಕ ಸರದು ನರಾ ಒತ್ತಾಕತ್ತೇತಿ. ನರಾ ಹರದಿಲ್ಲ, ಒತ್ತೇತಿ ಅಷ್ಟ. ಎಡಗಾಲಿನ ಹೆಬ್ಬೆರಳು ಎತ್ರಿ ನೋಡೂಣು."

ನಾನು ಎತ್ತಿದೆ. ನನಗೆ ಕಾಣುತ್ತಿರಲಿಲ್ಲ, ಅವರೇ ನೋಡಿ ಹೇಳಿದರು. "ಹಾಂ, ಒಂದೀಟು ಅಲುಗಾಡ್ತೇತಿ. ಈ ಬೆರಳ ನಮ್ಮ ಬಂಗಾರ. ಇದನ್ನ ಉಳಿಸ್ಕೋಬೇಕು. ನಿಮಗ ರಕ್ತ ಕಡಿಮಿ ಐತಿ, ಮೊದಲು ರಕ್ತ ಏರಸ್ತೇವಿ, ಆಮ್ಯಾಲ ಆಪರೇಶನ್. ಅಲ್ಲೀತನಕ ಕುಂದ್ರೂದು ದೂರ ಉಳೀತು, ತಲಿ ಸುದ್ದಾ ಎತ್ತಬ್ಯಾಡ್ರಿ. ಎದ್ದಿರಿ ಅಂದ್ರ ಆ ಚೂರು ಇನ್ನೂ ಒಳಗ ಹೋಕ್ಕತಿ. ಹೋದ ಕಾಲು ನಾ ತಂದುಕೊಡಾಕ ಆಗೂದಿಲ್ಲ."

"ನಾ ಯಾಕ ಏಳ್ಲಿ ಡಾಕ್ಟರ್ ಸಾಹೇಬ್ರ? ಮದುವಿ ಆದ ಮ್ಯಾಲ ಹಿಂಗ ಮಲಗಾಕ ಸಿಕ್ಕದ್ದು ಇದ ಮೊದಲು," ಎಂದೆ. ಅವರು ನಗಲಿಲ್ಲ. ಪಕ್ಕದ ಕಾಟಿನಿಂದ ಯಾರೋ ಕಿಸಕ್ಕೆಂದು ನಕ್ಕರು.

ಹಾಗೆ ನಕ್ಕವಳು ರಾಮಥಾಳದ ಒಬ್ಬ ಮುದುಕಿ. ಕುರಿ ಕಾಯುವ ಮನೆಯವಳು, ಬೀರಪ್ಪನ ಭಕ್ತೆ. ಹಣೆಯ ತುಂಬ ದೇವರ ಅರಿಶಿನ ಭಂಡಾರ, ದಿಂಬಿನ ಕೆಳಗೆ ಸಣ್ಣ ಬಟ್ಟೆಯ ಚೀಟಿನಲ್ಲಿ ಇನ್ನಷ್ಟು ಭಂಡಾರ. ಅವಳದೇ ಟಗರು ಗುದ್ದಿ ತೊಡೆಯ ಎಲುಬು ಎರಡು ಕಡೆ ಮುರಿದಿತ್ತು. ಒಳಗೆ ಸರಳು ಹಾಕಿ ಮಲಗಿಸಿದ್ದರು. ಆದರೆ ಬಂದವರಿಗೆ ಅವಳು ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳುತ್ತಿದ್ದಳು. ಒಬ್ಬರಿಗೆ ಬಸ್ಸಿನಿಂದ ಬಿದ್ದೆ ಎಂದರೆ ಇನ್ನೊಬ್ಬರಿಗೆ ಕಳ್ಳನನ್ನು ಬೆನ್ನಟ್ಟಿದೆ ಎನ್ನುತ್ತಿದ್ದಳು. ಸಾಕಿದ ಟಗರಿನ ಹೆಸರು ಕೆಡಿಸಬಾರದಂತೆ.

ನನ್ನನ್ನು ಮಗ್ಗುಲು ಬದಲಿಸಬೇಕಾದಾಗ ನಾಲ್ಕು ಜನ ಬರುತ್ತಿದ್ದರು. ಒಬ್ಬರು ತಲೆ, ಒಬ್ಬರು ಭುಜ, ಒಬ್ಬರು ಸೊಂಟ, ಒಬ್ಬರು ಕಾಲು ಹಿಡಿದು, ಸಿಸ್ಟರು "ಒಂದ್, ಎರಡ್, ಮೂರ್" ಎಂದ ಕೂಡಲೇ ಮರದ ದಿಮ್ಮಿಯನ್ನು ಹೊರಳಿಸುವ ಹಾಗೆ ಒಟ್ಟಿಗೆ ಹೊರಳಿಸುತ್ತಿದ್ದರು. ಬೆನ್ನು ಒಂದಿಷ್ಟೂ ತಿರುಚಬಾರದು. ಮುದುಕಿಗೆ ಇದು ಬಹಳ ಇಷ್ಟದ ಆಟ. "ನಾವು ಕುರಿ ಉಣ್ಣಿ ಕತ್ತರಸೂ ಮುಂದ ಹಿಂಗ ಹೊಳ್ಳಸ್ತೇವ್ರಿ, ಆದ್ರ ನಮಗ ಒಬ್ಬಾಂವ ಸಾಕು," ಎಂದು ಸಿಸ್ಟರಿಗೆ ಹೇಳಿದಳು. ಆ ಸಿಸ್ಟರು ಇಳಕಲ್ಲಿನ ಮುಸಲ್ಮಾನರ ಮನೆಯವಳು, ನನ್ನ ತವರಿನ ಓಣಿಯಲ್ಲೇ ಬೆಳೆದವಳು. "ಅಜ್ಜಿ, ನಾಳಿಂದ ನಿನ್ನ ಗಂಡನ್ನ ಡ್ಯೂಟಿಗೆ ಹಾಕ್ತೇನಿ," ಎಂದು ಅವಳೂ ಬಿಡಲಿಲ್ಲ.

ಇನ್ನು ನನ್ನ ಮಾವನವರ ವಿಷಯ ಹೇಳಬೇಕು. ಹೇಳದಿದ್ದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ.

ಮದುವೆಯಾಗಿ ಬಂದ ದಿನದಿಂದ ಮಾವನವರು ನನ್ನ ಜೊತೆ ಮಾತಾಡಿರಲಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಅವರ ಮನೆತನದಲ್ಲಿ ಮಾವ ಸೊಸೆಯ ಎದುರು ನಿಂತು ಮಾತಾಡುವ ಪದ್ಧತಿ ಇಲ್ಲ, ಅಷ್ಟೇ. ಅತ್ತೆ ಇರುವ ತನಕ ನಡುವೆ ಅತ್ತೆ ಇದ್ದರು. ಅವರು ಹೋದ ಮೇಲೆ ಮಾವನವರು ಮಗ್ಗದ ಜೊತೆ ಮಾತಾಡತೊಡಗಿದರು. ತಗ್ಗಿನ ಮಗ್ಗ ಅದು. ತಗ್ಗಿನೊಳಗೆ ಕಾಲು ಇಳಿಬಿಟ್ಟು ಕೂತು, ಲಾಳಿ ನಿಲ್ಲಿಸಿ, "ಏನಪಾ ಮಗ್ಗಾ, ನೀರಡಿಕಿ ಆತಲ್ಲೋ," ಎನ್ನುತ್ತಿದ್ದರು. ನಾನು ಒಳಗಿನಿಂದ ಒಲೆಗೆ, "ತರಾಕತ್ತೇನಿ ಅಂತ ಹೇಳಬೇ," ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಮಗ್ಗಕ್ಕೂ ಒಲೆಗೂ ಆದಷ್ಟು ಮಾತು ನನಗೂ ನನ್ನ ಗಂಡನಿಗೂ ಆಗಿಲ್ಲ. ನನ್ನ ತಾಯಿ ತೀರಿಕೊಂಡಾಗ ಮಾವನವರು ಮಣ್ಣು ಮುಗಿಸಿ ಬಂದು ಮಗ್ಗದಲ್ಲಿ ಕೂತರು, ಆದರೆ ನೇಯಲಿಲ್ಲ. "ಮಗ್ಗಾ, ಆಕಿಗೆ ಇನ್ನ ತಂದಿ ತಾಯಿ ಎಲ್ಲಾ ನಾವ," ಎಂದರು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಹೆತ್ತ ತಂದೆಯೂ ನನಗೆ ಅಂಥ ಮಾತು ಆಡಿರಲಿಲ್ಲ.

ಇನ್ನೊಂದು ಪದ್ಧತಿ, ಮಾವ ಇರುವ ಜಾಗದಲ್ಲಿ ಸೊಸೆ ಕೂರುವ ಹಾಗಿಲ್ಲ. ಎದ್ದು, ತಲೆ ತುಂಬ ಸೆರಗು ಹೊದ್ದು, ಅವರು ಹೋಗುವ ತನಕ ನಿಲ್ಲಬೇಕು. ಅದಕ್ಕೆ ಮಾವನವರು ಒಳಗೆ ಬರುವ ಮುಂಚೆ ಬಾಗಿಲಲ್ಲಿ ಒಮ್ಮೆ ಕೆಮ್ಮುತ್ತಾರೆ. ಹತ್ತಿಯ ಧೂಳು ಕುಡಿದ ಎದೆ ಅವರದು, ಕೆಮ್ಮಿಗೇನೂ ಬರವಿಲ್ಲ. ಆ ಕೆಮ್ಮು ಕೇಳಿದರೆ ನಾನು ಊಟದ ತಾಟು ಬಿಟ್ಟು ಎದ್ದಿದ್ದೇನೆ, ಜ್ವರದಲ್ಲಿ ಎದ್ದಿದ್ದೇನೆ, ತುಂಬು ಬಸುರಿಯಾಗಿ ಎದ್ದಿದ್ದೇನೆ. ಯೋಚಿಸಿ ಏಳುವುದಲ್ಲ ಅದು. ಕೆಮ್ಮು ಕಿವಿಗೆ ಬೀಳುತ್ತದೆ, ನಾನು ನಿಂತಿರುತ್ತೇನೆ.

ದವಾಖಾನೆಗೆ ಸೇರಿದ ಮರುದಿನ ಮಧ್ಯಾಹ್ನ ಮಾವನವರು ಒಬ್ಬರೇ ಬಸ್ಸು ಹತ್ತಿ ಬಾಗಲಕೋಟೆಗೆ ಬಂದರು. ನವನಗರದ ಸೆಕ್ಟರುಗಳಲ್ಲಿ ದಾರಿ ತಪ್ಪಿ, ಎಲ್ಲ ರಸ್ತೆಗಳೂ ಒಂದೇ ಥರ ಇರುವುದನ್ನು ಕಂಡು ಬೈದು, ಕೇಳಿ ಕೇಳಿ ದವಾಖಾನೆ ಮುಟ್ಟಿದರು. ಕೈಯಲ್ಲಿ ನನಗೆಂದು ರೊಟ್ಟಿ, ಶೇಂಗಾ ಹಿಂಡಿಯ ಗಂಟು ಇತ್ತು. ನೆರೆಮನೆಯವರಿಂದ ಮಾಡಿಸಿಕೊಂಡು ಬಂದಿದ್ದರು. ವಾರ್ಡಿನ ಬಾಗಿಲಿಗೆ ಬಂದು, ಹೆಂಗಸರ ವಾರ್ಡು ನೋಡಿ, ಮರ್ಯಾದೆಯಿಂದ ಒಮ್ಮೆ ಕೆಮ್ಮಿದರು.

ನಾನು ಎದ್ದೆ.

ಕೈ ಸೆರಗಿಗೆ ಹೋಯಿತು. ದವಾಖಾನೆಯ ಹಸಿರು ಅಂಗಿಗೆ ಸೆರಗೆಲ್ಲಿಂದ ಬರಬೇಕು? ಮೊಣಕೈ ಊರಿ ಅರ್ಧ ಬೆನ್ನು ಎತ್ತಿದ್ದೆ. "ಏ ಯವ್ವಾ, ಮಲಕ್ಕೊ!" ಎಂದು ಮುದುಕಿ ಕಿರುಚಿದಳು. ಸೊಂಟದಲ್ಲಿ ಬೆಂಕಿ ಹೊತ್ತಿಕೊಂಡ ಹಾಗಾಯಿತು. ಸಿಸ್ಟರು ಓಡಿ ಬಂದು ಎರಡೂ ಭುಜ ಒತ್ತಿ ಮಲಗಿಸಿದಳು. ಮಾವನವರು ಗಂಟು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

ಡಾಕ್ಟರು ಬಂದು ಮೊದಲು ಬೆರಳು ನೋಡಿದರು. "ಎತ್ರಿ." ನಾನು ಎತ್ತಿದೆ. "ಎತ್ರಿ ಅಕ್ಕಾರ." ಎತ್ತುತ್ತಲೇ ಇದ್ದೇನೆ ಎಂದೆ. ಅವರು ಬಹಳ ಹೊತ್ತು ಕಾಲಿನ ಹತ್ತಿರ ಬಗ್ಗಿ ನಿಂತಿದ್ದರು. "ಮುಂಜಾನಿ ಅಲುಗಾಡತಿತ್ತು. ಈಗ ಇಲ್ಲ," ಎಂದರು. ಆಮೇಲೆ ನನ್ನ ಮುಖ ನೋಡಿ ಸಿಟ್ಟಿನಿಂದ, "ಅಷ್ಟ ಹೇಳಿದ್ನೆಲ್ಲ, ಯಾಕ ಎದ್ದಿರಿ?" ಎಂದು ಕೇಳಿದರು.

"ಮಾವಾರು ಬಂದ್ರು ರೀ," ಎಂದೆ.

ಡಾಕ್ಟರದೂ ಹುನಗುಂದದಲ್ಲಿ ಒಂದು ಮನೆಯಿದೆ, ಆ ಮನೆಯಲ್ಲೂ ಸೊಸೆಯಂದಿರಿದ್ದಾರೆ. ನನಗೆ ಬೈಯುವುದನ್ನು ಬಿಟ್ಟು ಬಾಗಿಲ ಕಡೆ ತಿರುಗಿದರು. "ಅಜ್ಜಾರ, ನೀವು ಹೊರಗ ಇರ್ರಿ. ನೀವು ಒಳಗ ಬಂದ್ರ ಈಕಿ ಏಳ್ತಾಳ, ಎದ್ರ ಕಾಲು ಹೋಕ್ಕತಿ." ರಕ್ತ ಏರುತ್ತಲೇ ಇರಲಿ, ಆಪರೇಶನ್ ಈ ಸಂಜೆಯೇ ಆಗಬೇಕು ಎಂದು ಹೇಳಿ ಹೋದರು.

ಆಗ ನನಗೆ ಹೆದರಿಕೆಯಾಯಿತು. ಅಲ್ಲಿಯ ತನಕ ನನ್ನ ಬಾಯಿ ಜೋರಿತ್ತು. ಈಗ ಸೂರು ನೋಡುತ್ತ, ಇನ್ನು ಮುಂದೆ ನಾನು ಯಾವ ಮನೆಯಲ್ಲೂ ನಡೆಯುವುದಿಲ್ಲ, ಯಾರಾದರೂ ಎತ್ತಿಕೊಂಡು ಬಚ್ಚಲಿಗೆ ಹೋಗಬೇಕು ಎಂದು ಯೋಚಿಸಿದೆ, ಕಣ್ಣೀರು ಕಿವಿಯೊಳಗೆ ಹರಿಯಿತು. ಮಲಗಿದವರು ಅತ್ತರೆ ನೀರು ಕಿವಿಗೇ ಹೋಗುತ್ತದೆ. ಅದನ್ನು ಒರೆಸಿಕೊಳ್ಳಲೂ ತಲೆ ತಿರುಗಿಸುವ ಹಾಗಿರಲಿಲ್ಲ.

ಸಂಜೆ ನನ್ನನ್ನು ಗಾಲಿಯ ಸ್ಟ್ರೆಚರಿನ ಮೇಲೆ ಥೇಟರಿಗೆ ಒಯ್ದರು. ವಾರ್ಡಿನ ಹೊರಗೆ ಪಡಸಾಲೆಯಲ್ಲಿ ಮಾವನವರು ಗೋಡೆಗೆ ಅಂಟಿ ನಿಂತಿದ್ದು ಕಣ್ಣಂಚಿನಲ್ಲಿ ಕಂಡಿತು. ಏಳುವ ಹಾಗಿಲ್ಲ. ಸೆರಗಿಲ್ಲ. ಆದರೂ ಮರ್ಯಾದೆ ಎಂಬುದೊಂದಿದೆ. ಹೊದ್ದಿದ್ದ ಚಾದರವನ್ನೇ ಮುಖದ ಮೇಲೆ ಎಳೆದುಕೊಂಡೆ. ಅದೇ ಹೊತ್ತಿಗೆ ನಮ್ಮವರು ಔಷಧಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಎದುರಿಗೆ ಸ್ಟ್ರೆಚರು, ಅದರ ಮೇಲೆ ಹೆಂಡತಿ, ಮುಖದ ತುಂಬ ಬಿಳಿ ಚಾದರ. "ಅಯ್ಯಯ್ಯೋ, ಹೋದ್ಲಲ್ಲೋ!" ಎಂದು ಚೀಲ ಬಿಟ್ಟು ಅಲ್ಲೇ ಕುಸಿದು ಕೂತರು. "ಏ ಸರ, ಜೀವ ಐತ್ರಿ, ಜೀವ ಐತಿ!" ಎಂದು ಸ್ಟ್ರೆಚರು ತಳ್ಳುವವನು ಗಾಬರಿಯಾಗಿ ಕೂಗಿದ. ನನಗೆ ನಗು. ನಕ್ಕರೆ ಬೆನ್ನು ಸೀಳುತ್ತಿತ್ತು. ಚಾದರದ ಕೆಳಗಿನಿಂದ ಕೈ ಹೊರಗೆ ಹಾಕಿ ಆಡಿಸಿದೆ. ಬೈಕಿನಿಂದ ಬಿದ್ದಾಗ ತಿರುಗಿ ನೋಡದವರು ಈಗ ಅಷ್ಟು ಅತ್ತರಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು.

ಸ್ಟ್ರೆಚರು ಮುಂದೆ ಸರಿಯುವಾಗ ಮಾವನವರ ದನಿ ಕೇಳಿತು. ನನಗೆ ಹೇಳಲಿಲ್ಲ. ಕೆಳಗೆ ಗಾಲಿಯ ಕಡೆ ನೋಡುತ್ತಿದ್ದರೆಂದು ಕಾಣುತ್ತದೆ. "ಗಾಲೀ, ಜ್ವಾಕೀಲೆ ಕರಕೊಂಡು ಹೋಗಪಾ. ಹೊಳ್ಳಿ ಕರಕೊಂಡು ಬಾ," ಎಂದರು.

ಆಪರೇಶನ್ ಆಯಿತು. ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದರು. ಪುಡಿಯಾದ ಮಣಿಯ ಮೇಲಿನ ಮಣಿಗೂ ಕೆಳಗಿನ ಮಣಿಗೂ ಸ್ಕ್ರೂ ಹೊಡೆದು, ಎರಡು ಸರಳಿನಿಂದ ಬಿಗಿದಿದ್ದರು. ಇಳಕಲ್ಲಿನಲ್ಲಿ ಸೀರೆಯ ಒಡಲಿಗೂ ಸೆರಗಿಗೂ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕುವ ಹಾಗೆಯೇ ಇತ್ತು. ನೋಡಿ ನನಗೆ ಸ್ವಲ್ಪ ಧೈರ್ಯ ಬಂತು, ಏಕೆಂದರೆ ನಮ್ಮ ಕೊಂಡಿ ಬಿಡುವುದಿಲ್ಲ. ನರದ ಮೇಲಿನ ಚೂರು ತೆಗೆದಿದ್ದೇನೆ, ಇನ್ನು ನರ ತಾನೇ ಏಳಬೇಕು, ಅದಕ್ಕೆ ಅವಸರ ಮಾಡಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಬೆರಳು ಕೆಲವು ದಿನ ಸತ್ತಂತೆಯೇ ಇತ್ತು. ಆಮೇಲೊಂದು ಮುಂಜಾನೆ ಒಂದಿಷ್ಟು ನಡುಗಿತು. ಸಿಸ್ಟರು ಕಂಡು ನನ್ನ ಕೆನ್ನೆ ಹಿಂಡಿ, ಡಾಕ್ಟರಿಗೆ ಹೇಳಲು ಓಡಿದಳು.

ಅಷ್ಟರಲ್ಲಿ ಮಾತಾಡಿಸಲು ಬರುವವರು ಶುರುವಾದರು. ನಮ್ಮ ಕಡೆ ಯಾರಾದರೂ ದವಾಖಾನೆಗೆ ಬಿದ್ದರೆ ಹೋಗಿ ಮುಖ ತೋರಿಸಿ ಬರದಿದ್ದರೆ ಜೀವಮಾನದ ಮಾತಾಗುತ್ತದೆ. ಒಬ್ಬೊಬ್ಬರೂ ಒಂದು ಡಜನ್ ಬಾಳೆಹಣ್ಣು, ಒಂದು ಕಥೆ ತರುತ್ತಿದ್ದರು. ಬಾಳೆಹಣ್ಣು ಬೇರೆ ಬೇರೆ, ಕಥೆ ಮಾತ್ರ ಒಂದೇ: ಅವರ ಬಳಗದಲ್ಲಿ ಯಾರಿಗೋ ಹೀಗೇ ಬೆನ್ನು ಮುರಿದಿತ್ತು, ಪಾಪ, ಮತ್ತೆ ಏಳಲೇ ಇಲ್ಲ. ಕೂಡಲಸಂಗಮಕ್ಕೆ ಹೋಗಿ ವಿಭೂತಿ ತಂದಿದ್ದ ನಮ್ಮ ದೂರದ ಅತ್ತಿಗೆಯೊಬ್ಬಳು ಅದನ್ನು ನನ್ನ ಹಣೆಗೆ ಹಚ್ಚುತ್ತಲೇ ಇಂಥ ಕಥೆ ಹೇಳಿದಳು. ಪಕ್ಕದ ಮುದುಕಿಗೆ ತಡೆಯಲಾಗಲಿಲ್ಲ.

"ನೀ ಬಂದದ್ದು ಮಾತಾಡಸಾಕೋ, ಮಣ್ಣಿಗೋ?" ಎಂದು ಕೇಳಿದಳು.

ಅತ್ತಿಗೆ ಬಾಳೆಹಣ್ಣು ಇಟ್ಟು ಎದ್ದು ಹೋದಳು. ಮುದುಕಿ ಒಂದು ಹಣ್ಣು ಸುಲಿದು ತಿಂದಳು. ತನ್ನ ಚೀಟಿನಿಂದ ಭಂಡಾರ ತೆಗೆಸಿ ಸಿಸ್ಟರ ಕೈಯಿಂದ ನನ್ನ ಹಣೆಗೆ ವಿಭೂತಿಯ ಕೆಳಗೆ ಹಚ್ಚಿಸಿದಳು. ಯಾವ ದೇವರಿಗೆ ಬಿಡುವಿರುತ್ತದೋ ಅವರು ನೋಡಿಕೊಳ್ಳಲಿ ಎಂದಳು.

ಮಾವನವರು ಊರಿಗೆ ಹೋಗಿರಲಿಲ್ಲ. ಪಡಸಾಲೆಯ ಬೆಂಚಿನಲ್ಲೇ ಇದ್ದರು, ಬಾಗಿಲಿನಿಂದ ಈಚೆಗೆ ಕಾಲಿಡಲಿಲ್ಲ. ಊಟದ ಹೊತ್ತಿಗೆ ಹೊರಗಿನಿಂದ ಮೆಲ್ಲಗೆ, "ಬಾಗಲಾ, ಉಂಡಳೇನೋ ಏನೋ," ಎನ್ನುತ್ತಿದ್ದರು. ನಾನು ಚಮಚದಿಂದ ಸ್ಟೀಲಿನ ತಾಟನ್ನು ಬಡಿದು ತಿಳಿಸುತ್ತಿದ್ದೆ. ಮಗ್ಗ, ಒಲೆ ಎರಡೂ ಇಲ್ಲದ ಊರಿನಲ್ಲಿ ಮತ್ತೇನು ಮಾಡುವುದು? ಆದರೆ ಒಂದು ನನ್ನ ಗಮನಕ್ಕೆ ಬಂತು. ಅವರ ಕೆಮ್ಮು ಕೇಳುತ್ತಿರಲಿಲ್ಲ.

ಗಂಡನನ್ನು ಕೇಳಿದೆ. ಅವರು ದನಿ ತಗ್ಗಿಸಿ ಹೇಳಿದರು. "ಅಪ್ಪ ಕೆಮ್ಮು ಬಂದ್ರ ಟವೆಲ್ ಬಾಯಾಗ ತುರ್ಕೋತಾನ. ಇಲ್ಲಾ ಎದ್ದು ಓಡಿ ಗೇಟಿನ ಹೊರಗ ಹೋಗಿ ಕೆಮ್ಮಿ ಬರ್ತಾನ. ನೀ ಕೇಳಿದ್ರ ಏಳ್ತಿ ಅಂತ. ಮೊನ್ನೆ ನನ್ನ ಮುಂದ ಅಂದ, 'ಆಕಿ ಕಾಲು ನಾನ ತಿಂದೆ' ಅಂತ."

ಹತ್ತಿಯ ಧೂಳಿನ ಕೆಮ್ಮು ಅದು, ತಡೆದರೆ ಕಣ್ಣು ಹೊರಗೆ ಬರುತ್ತದೆ. ಏನು ಹೇಳಿ ಕಳಿಸಲಿ? ಎಷ್ಟು ಬಡಿದರೂ ತಾಟಿಗೆ ಅಷ್ಟೆಲ್ಲ ಮಾತು ಬರುವುದಿಲ್ಲ.

ಇಷ್ಟರ ನಡುವೆ ದವಾಖಾನೆಯ ಕಾನೂನು ತಿರುಗಿ ಬಿತ್ತು. ಮೊದಲು ತಲೆ ಎತ್ತಬೇಡ ಎಂದವರೇ ಈಗ ಏಳು ಏಳು ಎನ್ನತೊಡಗಿದರು. ಎಲುಬು ಬಿಗಿಯಾಗಿದೆ, ಸೊಂಟಕ್ಕೆ ಬೆಲ್ಟು ಕಟ್ಟಿದ್ದೇವೆ, ಇನ್ನು ಮಲಗಿದರೆ ಕಾಲು ಸೊರಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ ಎಂದು ಡಾಕ್ಟರು ಹೇಳಿದರು. ನಿಲ್ಲಿಸುವ ಕೆಲಸಕ್ಕೆ ಬಾದಾಮಿಯ ಒಬ್ಬ ಫಿಜಿಯೋ ಮೇಡಂ ಬರುತ್ತಿದ್ದರು. ಗಟ್ಟಿ ತೋಳಿನ ಹೆಂಗಸು, ನಾನು ಎಷ್ಟು ಬೈದರೂ ಅವರಿಗೆ ತಾಗುತ್ತಿರಲಿಲ್ಲ. ಮಲಗಿದಲ್ಲಿ ಅವರು ಹೇಳಿದ್ದೆಲ್ಲ ಮಾಡುತ್ತಿದ್ದೆ. ಕಾಟಿನ ಅಂಚಿಗೆ ಕೂತದ್ದೂ ಆಯಿತು. ಎದುರಿಗೆ ವಾಕರು ಇಟ್ಟು, "ಹಾಂ, ಏಳ್ರಿ ಅಕ್ಕಾರ," ಎಂದರೆ ಮಾತ್ರ ಎರಡೂ ಕೈಯಿಂದ ಕಾಟನ್ನೇ ಹಿಡಿದುಕೊಳ್ಳುತ್ತಿದ್ದೆ. ಮೊದಲನೆಯ ಸಲ ಎದ್ದಾಗ ಎಡ ಮೊಣಕಾಲು ಮಡಚಿ, ಮೇಡಂ ಹಿಡಿಯದಿದ್ದರೆ ನೆಲಕ್ಕೆ ಬೀಳುತ್ತಿದ್ದೆ. ಹಂಪಿನ ಮೇಲೆ ಹಾರಿದ್ದು ನೆನಪಾಯಿತು. ಅದಾದ ಮೇಲೆ ನಾನು ಏಳಲೇ ಇಲ್ಲ.

"ಇವತ್ತ ತಲಿ ತಿರಗಾಕತ್ತೇತಿ," ಎನ್ನುತ್ತಿದ್ದೆ ಒಂದು ದಿನ. "ಇವತ್ತ ಅಮಾಸಿ," ಎನ್ನುತ್ತಿದ್ದೆ ಇನ್ನೊಂದು ದಿನ. "ನೀವು ಕಾಟಿನ ಮ್ಯಾಲಿಂದ ಎದ್ದು ತೋರಿಸ್ರಿ ಮೊದಲು," ಎಂದೆ ಮತ್ತೊಂದು ದಿನ. ಮೇಡಂ ಪಕ್ಕದಲ್ಲಿ ಕೂತು, ಎದ್ದು, ಮತ್ತೆ ಕೂತು ತೋರಿಸಿದರು. ಡಾಕ್ಟರು ಬಂದು ಕಾಲು ಒತ್ತಿ, ಎತ್ತಿಸಿ ನೋಡಿದರು. "ಶಕ್ತಿ ಬಂದೈತ್ರಿ ಅಕ್ಕಾರ, ನಿಲ್ಲೂವಷ್ಟು ಬಂದೈತಿ. ಹೆದರಿಕಿಗೆ ನನ್ನ ಹತ್ರ ಸ್ಕ್ರೂ ಇಲ್ಲ. ಈಗ ನಿಲ್ಲಲಿಲ್ಲ ಅಂದ್ರ ಮುಂದ ನಿಲ್ಲೂದು ಭಾಳ ಕಷ್ಟ ಆಕ್ಕತಿ," ಎಂದು ಹೇಳಿ ಹೋದರು. ಅವರು ನನ್ನ ಮೇಲೆ ಆಸೆ ಬಿಡುತ್ತಿದ್ದಾರೆ ಎನ್ನಿಸಿತು. ಆ ದಿನ ನಾನು ಯಾರಿಗೂ ಬೈಯಲಿಲ್ಲ. ಗಂಡ ಹೆದರಿ ಎರಡೆರಡು ಸಲ ಹಣೆ ಮುಟ್ಟಿ ನೋಡಿದರು.

ಮುದುಕಿಯನ್ನು ಮನೆಗೆ ಕಳಿಸುವ ದಿನ ಬಂತು. ಅವಳ ಮಗ ಗಾಡಿ ತರಲು ಹೋಗಿದ್ದ. ಗಾಲಿ ಕುರ್ಚಿಯಲ್ಲಿ ಕೂರಿಸಿ ವಾರ್ಡಿನ ಬಾಗಿಲ ಹತ್ತಿರ ಬಿಟ್ಟಿದ್ದರು. ಒಂದು ಕಣ್ಣು ಒಳಗೆ ನನ್ನ ಕಡೆ, ಒಂದು ಕಣ್ಣು ಹೊರಗೆ ಬೆಂಚಿನ ಕಡೆ ಇಟ್ಟು ಕೂತಿದ್ದಳು. ಒಳಗೆ ನಾನು ಕಾಟಿನ ಅಂಚಿನಲ್ಲಿ ಬೆಲ್ಟು ಬಿಗಿಸಿಕೊಂಡು ಕೂತಿದ್ದೆ. ಮೇಡಂ ವಾಕರು ಹಿಡಿದು ನಿಂತು, ನನ್ನ ಸೊಂಟದ ಬೆಲ್ಟಿಗೆ ಒಂದು ಕೈ ಹಾಕಿದ್ದರು. "ನಾಳೆ ಖರೆ ಏಳ್ತೇನಿ ಮೇಡಂ, ದೇವರಾಣಿ," ಎನ್ನುತ್ತಿದ್ದೆ.

ಹೊರಗೆ ಮುದುಕಿಯ ದನಿ ಕೇಳಿತು. "ಏ ಯಜಮಾನ, ಎಷ್ಟ ದಿನಾ ಟವೆಲ್ ಬಾಯಾಗ ತುರ್ಕೊಂಡು ಕುಂದರ್ತಿ? ಒಮ್ಮೆ ಕೆಮ್ಮಿ ಬಿಡು."

"ಬ್ಯಾಡವಾ," ಎಂದರು ಮಾವನವರು. "ಆಕಿ ಏಳ್ತಾಳ."

"ಏಳ್ಲಿ ಅಂತನ ಹೇಳಾಕತ್ತೇನಿ, ಹುಚ್ಚಪ್ಪಾ!"

"ಬ್ಯಾಡ. ಒಮ್ಮೆ ಆಗಿದ್ದು ಸಾಕು."

ಆಮೇಲೆ ಮುದುಕಿ ಬಹಳ ಭಕ್ತಿಯ ದನಿಯಲ್ಲಿ, "ಹೋಗ್ಲಿ ಬಿಡು. ನಾ ಊರಿಗೆ ಹೊಂಟೇನಿ. ಬೀರಪ್ಪನ ಭಂಡಾರ ಹಚ್ಚತೇನಿ, ಬಗ್ಗು," ಎಂದಳು. ದೇವರ ಪ್ರಸಾದಕ್ಕೆ ಬೇಡವೆನ್ನುವ ಜೀವವಲ್ಲ ನಮ್ಮ ಮಾವನವರದು. ಬಾಯಿಯಿಂದ ಟವೆಲ್ ತೆಗೆದು, ಎದ್ದು ಬಂದು ಅವಳ ಮುಂದೆ ಬಗ್ಗಿದರು. ಆ ಹಡಬಿಟ್ಟಿ ಮುದುಕಿ ಚೀಟನ್ನು ಪೂರ್ತಿ ಬಿಚ್ಚಿ, ಒಂದು ಮುಷ್ಟಿ ಅರಿಶಿನ ಪುಡಿಯನ್ನು ಅವರ ಹಣೆಗೆ, ಮೂಗಿಗೆ, ಮೀಸೆಗೆ ಎರಚಿಬಿಟ್ಟಳು.

ಎಷ್ಟೋ ದಿನದಿಂದ ತಡೆದಿಟ್ಟ ಕೆಮ್ಮೆಲ್ಲ ಒಟ್ಟಿಗೆ ಬಂತು. ಪಡಸಾಲೆ ನಡುಗಿತು. ಹಿಡಿದುಕೊಳ್ಳಲು ಏನಾದರೂ ಬೇಕಾಗಿ ಮಾವನವರು ಬಾಗಿಲ ಚೌಕಟ್ಟು ಹಿಡಿದರು. ಹಾಗೆ ವಾರ್ಡಿನ ಬಾಗಿಲಲ್ಲಿ, ಮುಖವೆಲ್ಲ ಹಳದಿಯಾಗಿ, ಕೆಮ್ಮುತ್ತ ನಿಂತರು.

ನಾನು ನಿಂತಿದ್ದೆ.

ಎದ್ದದ್ದು ನನಗೆ ಗೊತ್ತಿಲ್ಲ. ಬಲಗೈ ವಾಕರು ಬಿಟ್ಟು ತಲೆಗೆ ಹೋಗಿ, ಇಲ್ಲದ ಸೆರಗನ್ನು ಎಳೆಯುತ್ತಿತ್ತು. ಮೇಡಂ ಸೊಂಟದ ಬೆಲ್ಟನ್ನು ಹಿಡಿದಿದ್ದರು, ಆದರೆ ಎತ್ತಲಿಲ್ಲ, ಉಸಿರೂ ಬಿಡಲಿಲ್ಲ. ಎಡ ಮೊಣಕಾಲು ಗಡಗಡ ನಡುಗುತ್ತಿತ್ತು. ನಡುಗುತ್ತಲೇ ನಿಂತಿತ್ತು, ಮಡಚಲಿಲ್ಲ. ಗಾಲಿ ಕುರ್ಚಿಯಲ್ಲಿ ಮುದುಕಿ ಖಾಲಿ ಚೀಟನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

ಮಾವನವರು ಕಣ್ಣೊರೆಸಿಕೊಂಡು ತಲೆ ಎತ್ತಿದರು. ಬಾಗಿಲನ್ನು ನೋಡಲಿಲ್ಲ, ಗೋಡೆಯನ್ನು ನೋಡಲಿಲ್ಲ, ಸಲಾಯಿನ್ ಸ್ಟ್ಯಾಂಡನ್ನೂ ನೋಡಲಿಲ್ಲ. ನನ್ನನ್ನು ನೋಡಿದರು. ಅವರ ಮುಖದಲ್ಲಿ ಬರೀ ಹೆದರಿಕೆ ಇತ್ತು.

"ಕುಂದ್ರವ್ವಾ! ಕುಂದ್ರು, ಸಾಕು. ಕುಂದ್ರು ನನ್ನವ್ವಾ," ಎಂದರು.

ಇಷ್ಟು ವರ್ಷದಲ್ಲಿ ಅವರು ನನಗೆ ಆಡಿದ ಮೊದಲ ಮಾತು ಅದು. ನನ್ನ ಕಣ್ಣು ತುಂಬಿತು, ನೀರು ಈ ಸಲ ಕೆನ್ನೆಯ ಮೇಲೆ ಇಳಿಯಿತು. ಉತ್ತರ ಕೊಡಲು ಹತ್ತಿರದಲ್ಲಿ ಒಲೆಯೂ ಇರಲಿಲ್ಲ, ತಾಟೂ ಇರಲಿಲ್ಲ.

"ಇಲ್ರಿ ಮಾವಾರ," ಎಂದೆ. "ನಿಂದರ್ತೇನಿ."

ಅವರು ನನ್ನ ಕಾಲು ನೋಡಿದರು, ಮುಖ ನೋಡಿದರು, ಮತ್ತೆ ಕಾಲು ನೋಡಿದರು. ಮಾವ ಹೊರಗೆ ಹೋಗುವ ತನಕ ಸೊಸೆ ಕೂರುವ ಹಾಗಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಅವರು ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು, ಹಳದಿ ಮುಖದಲ್ಲೇ, ಬಾಗಿಲಿಗೆ ಅಡ್ಡವಾಗಿ ನಿಂತುಬಿಟ್ಟರು. ಮೇಡಂ ಸಾಕು ಎಂದು ಎರಡು ಸಲ ಹೇಳಿದರೂ ಮಾವನವರು ಹೊರಗೆ ಹೋಗಲಿಲ್ಲ.